ಖಾಲಿ ಸಿ.ಡಿ.ಯ ಬಣ್ಣದ ಕಥೆ

ಅಜ್ಜಿಯ ಸೋಬಾನೆ ಪದ, ಮದುವೆ ಮನೆಯ ನಾದಸ್ವರ, ಊರ ಬಯಲಿನ ಯಕ್ಷಗಾನ. ಕ್ಯಾಸೆಟ್ಟಿನಲ್ಲಿ ಉಳಿದಿದ್ದ ಇಂಥ ಎಷ್ಟೋ ದನಿಗಳು 2000ದ ಆಸುಪಾಸಿನಲ್ಲಿ ಸಿ.ಡಿ.ಗೆ ಇಳಿದವು. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಸುತ್ತಿಕೊಂಡು ಹರಿಯುತ್ತದೆ, ಸಿ.ಡಿ.ಗೆ ಮಾತ್ರ ಸಾವಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಅಂಗಡಿಯಲ್ಲಿ ಕೊಂಡ ಹಾಡಿನ ಸಿ.ಡಿ.ಗೂ ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗೂ ನೋಟದಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದುದೂ ಇದಕ್ಕೆ ಕಾರಣವಿರಬಹುದು. ಆದರೆ ಒಳಗೆ ಅವೆರಡರ ಜಾತಿಯೇ ಬೇರೆ.

ಕಾರ್ಖಾನೆಯಿಂದ ಬಂದ ಹಾಡಿನ ಸಿ.ಡಿ.ಯಲ್ಲಿ ಧ್ವನಿ ಎಂಬುದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಸೂಕ್ಷ್ಮ ಕುಳಿಗಳ ಸಾಲು. ಅದರ ಮೇಲೆ ಅಲ್ಯುಮಿನಿಯಂ ಲೇಪ. ಒಮ್ಮೆ ಒತ್ತಿದ ಕುಳಿ ತಾನಾಗಿ ಅಳಿಸಿಹೋಗುವುದಿಲ್ಲ. ಖಾಲಿ ಸಿ.ಡಿ.ಯಲ್ಲಿ ಇಂಥ ಕುಳಿಗಳಿಲ್ಲ. ಸುರುಳಿಯಾಗಿ ಸಾಗುವ ಒಂದು ಗೆರೆ, ಅದರ ಮೇಲೆ ತೆಳುವಾಗಿ ಹರಡಿದ ಬಣ್ಣ, ಇಷ್ಟೇ ಇರುವುದು. ಬರೆಯುವ ಲೇಸರ್ ತಾಗಿದ ಕಡೆ ಬಣ್ಣ ಕಾದು ಒಡೆಯುತ್ತದೆ. ಉಳಿದ ಕಡೆ ಇದ್ದಂತೆಯೇ ಇರುತ್ತದೆ. ಹಾಡು ಉಳಿಯುವುದೆಂದರೆ ಆ ಬಣ್ಣ ಮಾಸದೆ ಉಳಿಯುವುದು.

ಈ ಉಪಾಯ ಕೈಗೂಡಿದ್ದು ಜಪಾನಿನಲ್ಲಿ, 1988ರಲ್ಲಿ. ವಿದ್ಯುನ್ಮಾನ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ತಾಯಿಯೊ ಯೂಡೆನ್ ಕಂಪೆನಿಯ ಎಮಿಕೊ ಹಮಾದ ಎಂಬ ಸಂಶೋಧಕಿ ಇದರ ಹಿಂದಿದ್ದವರಲ್ಲಿ ಮುಖ್ಯರು. ತೊಡಕು ಸಣ್ಣದಾಗಿರಲಿಲ್ಲ. ಮನೆಮನೆಯ ಪ್ಲೇಯರಿನಲ್ಲಿ ಓಡಬೇಕಾದರೆ ಡಿಸ್ಕು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 70ನ್ನು ಹಿಂದಿರುಗಿಸಬೇಕು. ಬರೆಯಲು ಬರಬೇಕಾದರೆ ಅದೇ ಬೆಳಕನ್ನು ಬಣ್ಣ ಹೀರಿಕೊಳ್ಳಬೇಕು. ಒಂದಕ್ಕೊಂದು ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಹೊಂದಿಸಲು ಬಣ್ಣದ ಜೊತೆ ಚಿನ್ನದ ಲೇಪ ನೆರವಾಯಿತು. ಚಿನ್ನಕ್ಕೆ ತುಕ್ಕಿನ ಭಯವೂ ಇರಲಿಲ್ಲ.

ಆ ಮೊದಲ ಬಣ್ಣ ಸಯನೀನ್. ಬೆಳಕು ತಾಗಿದರೆ ಅದು ಬೇಗ ಮಾಸುತ್ತಿತ್ತು. ಆಮೇಲೆ ಮಿತ್ಸುಯಿ ಕಂಪೆನಿ ಥಾಲೊಸಯನೀನ್ ತಂದಿತು, ಮಿತ್ಸುಬಿಷಿ ಅಜೋ ಬಣ್ಣ ತಂದಿತು. ಬಲ್ಲವರು ಡಿಸ್ಕನ್ನು ಮಗುಚಿ ನೋಡಿಯೇ ಜಾತಿ ಹೇಳುತ್ತಿದ್ದರು: ಕಡುನೀಲಿಯಾದರೆ ಅಜೋ, ಬಣ್ಣವೇ ಇಲ್ಲವೆನ್ನುವಷ್ಟು ತಿಳಿಯಾಗಿದ್ದರೆ ಥಾಲೊಸಯನೀನ್. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಚಿನ್ನ-ಬೆಳ್ಳಿ ಮಿಶ್ರಲೋಹದ ಲೇಪವಿದ್ದ ಥಾಲೊಸಯನೀನ್ ಡಿಸ್ಕುಗಳೇ ಚೆನ್ನಾಗಿ ಬಾಳಿದವು. ಹಾಗೆಂದು ಬಣ್ಣದ ಹೆಸರೊಂದೇ ಸಾಲದು. ಸುಧಾರಿಸಿದ ಸಯನೀನ್ ಬಳಸುತ್ತಿದ್ದ ತಾಯಿಯೊ ಯೂಡೆನ್ ಡಿಸ್ಕುಗಳನ್ನೇ ಧ್ವನಿಮುದ್ರಣದವರು ಹುಡುಕಿ ಕೊಳ್ಳುತ್ತಿದ್ದರು. ಬಣ್ಣ ಯಾವುದೇ ಇರಲಿ, ಅದನ್ನು ಸಮನಾಗಿ ಹರಡುವ, ಅಂಚನ್ನು ಬಿಗಿಯಾಗಿ ಮುಚ್ಚುವ ಕೈ ಮುಖ್ಯವಾಗಿತ್ತು.

ಆ ಕೈ ಯಾರದೆಂದು ತಿಳಿಯುವುದೇ ಕಷ್ಟ. ಪೆಟ್ಟಿಗೆಯ ಮೇಲಿನ ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು. ಒಂದೇ ಬ್ರ್ಯಾಂಡಿನ ಡಿಸ್ಕು ಒಮ್ಮೆ ಜಪಾನಿನಿಂದ, ಮತ್ತೊಮ್ಮೆ ತೈವಾನಿನಿಂದ ಬರುತ್ತಿತ್ತು. ಆದ್ದರಿಂದ ಅನುಭವಸ್ಥರು ಬ್ರ್ಯಾಂಡ್ ಬಿಟ್ಟು, ತಯಾರಾದ ದೇಶದ ಹೆಸರನ್ನು ಸಣ್ಣ ಅಕ್ಷರದಲ್ಲಿ ಹುಡುಕುತ್ತಿದ್ದರು. ಡಿಸ್ಕಿನ ಗೆರೆಯಲ್ಲಿ ತಯಾರಕರ ಸಂಕೇತವೊಂದು ಅಡಗಿರುತ್ತದೆ, ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಕೊನೆಗೆ ಆ ಸಂಕೇತವನ್ನೂ ನಕಲು ಮಾಡುವವರು ಹುಟ್ಟಿಕೊಂಡರು.

ಸಂಗೀತಕ್ಕೆಂದೇ ಗುರುತು ಹಾಕಿ ಮಾರುತ್ತಿದ್ದ ದುಬಾರಿ ಡಿಸ್ಕುಗಳ ಸಂಗತಿ ಇನ್ನೂ ಸ್ವಾರಸ್ಯದ್ದು. ಇವುಗಳಲ್ಲಿ ಧ್ವನಿ ಹೆಚ್ಚು ಚೆನ್ನಾಗಿ ಮೂಡುತ್ತದೆಂದು ನಂಬಿ ಕೊಂಡವರು ಬಹಳ. ನಿಜ ಸಂಗತಿ ಕಾನೂನಿನದು. ಅಮೆರಿಕದಲ್ಲಿ 1992ರ ಕಾಯ್ದೆಯಂತೆ ಇಂಥ ಡಿಸ್ಕಿನ ಮೇಲೆ ಶೇ 3ರಷ್ಟು ಹಣ ಹಾಡಿನ ಹಕ್ಕುದಾರರಿಗೆ ಸಲ್ಲಬೇಕಿತ್ತು. ಹಾಗೆ ಹಣ ಸಂದಿದೆ ಎನ್ನುವುದಕ್ಕೆ ಡಿಸ್ಕಿನಲ್ಲೊಂದು ಗುರುತು, ಮನೆಬಳಕೆಯ ಸಿ.ಡಿ. ರೆಕಾರ್ಡರ್ ಆ ಗುರುತಿದ್ದ ಡಿಸ್ಕಿನಲ್ಲಿ ಮಾತ್ರ ಬರೆಯುತ್ತಿತ್ತು. ಆ ಗುರುತಿಗೂ ಬಣ್ಣದ ಬಾಳಿಕೆಗೂ ಯಾವ ಸಂಬಂಧವೂ ಇಲ್ಲ.

ಧ್ವನಿಯ ಸಿ.ಡಿ.ಗೆ ಇನ್ನೊಂದು ಅಪಾಯವಿದೆ. ಓದುವಾಗ ಆಗುವ ತಪ್ಪುಗಳನ್ನು ಪ್ಲೇಯರ್ ತಾನೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದಿದ್ದರೆ ಹಿಂದುಮುಂದಿನ ಸ್ವರ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಸೆಕೆಂಡಿಗೆ 220ರವರೆಗಿನ ತಪ್ಪು ಚೌಕಟ್ಟುಗಳಿಗೆ ಮಾನಕದಲ್ಲೇ ಅವಕಾಶವಿದೆ. ಹೀಗಾಗಿ ಡಿಸ್ಕು ಹಾಳಾಗುತ್ತಾ ಬಂದರೂ ಕಿವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪೆಟ್ಟಿಗೆಯ ಮೇಲೆ ನೂರು ವರ್ಷದ ಬಾಳಿಕೆ ಎಂದು ಅಚ್ಚಾಗಿದ್ದುದು ಬಿಸಿ, ತೇವಗಳಲ್ಲಿ ಕೆಲವು ವಾರ ಇಟ್ಟು ನೋಡಿ ಹಾಕಿದ ಲೆಕ್ಕ. ದಾಖಲೆಗಳನ್ನು ಕಾಯುವ ಸಂಸ್ಥೆಗಳಿಗೆ ಇದು ಸಮಾಧಾನ ತರಲಿಲ್ಲ. ಬರೆದ ಪ್ರತಿ ಡಿಸ್ಕಿನ ತಪ್ಪುಗಳನ್ನು ಯಂತ್ರದಲ್ಲಿ ಎಣಿಸದ ಹೊರತು ಯಾವ ಬ್ರ್ಯಾಂಡನ್ನೂ ನಂಬುವಂತಿಲ್ಲ ಎಂಬ ನಿಲುವಿಗೆ ಅವು ಬಂದವು. 2006ರಲ್ಲಿ ಯುನೆಸ್ಕೊ ಪ್ರಕಟಿಸಿದ ವರದಿಯೂ ಬರೆಯಬಲ್ಲ ಸಿ.ಡಿ., ಡಿ.ವಿ.ಡಿ.ಗಳನ್ನೇ ನೆಚ್ಚಿಕೊಳ್ಳಬಾರದೆಂದು ಎಚ್ಚರಿಸಿತು.

ಅಷ್ಟರಲ್ಲಿ ಬೆಲೆ ಸಮರ ಕೈ ಮೀರಿತ್ತು. ಚಿನ್ನದ ಜಾಗಕ್ಕೆ ಬೆಳ್ಳಿ ಬಂದಿತ್ತು. ತಾಯಿಯೊ ಯೂಡೆನ್ 2015ರಲ್ಲಿ ತಯಾರಿಕೆ ಕೈಬಿಟ್ಟಿತು. ಭಾರತದ ದೊಡ್ಡ ತಯಾರಕ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಆದೇಶ ಕಂಡಿತು. ಅಜೋ ಡಿಸ್ಕುಗಳ ವರ್ಬೇಟಿಮ್ ವ್ಯವಹಾರವನ್ನು ತೈವಾನಿನ ಸಿ.ಎಂ.ಸಿ.ಗೆ ಮಾರುವ ನಿರ್ಧಾರ ಹೊರಬಿದ್ದದ್ದು 2019ರಲ್ಲಿ.

ಮನೆಯ ಬೀರುವಿನಲ್ಲಿ ಇನ್ನೂ ಇರುವ ಡಿಸ್ಕುಗಳಲ್ಲಿ, ಒಂದು ಯಂತ್ರ ಓದಲೊಲ್ಲದ್ದನ್ನು ಇನ್ನೊಂದು ಓದುವುದುಂಟು. ಕೆಳಗಿನ ಹೊಳೆಯುವ ಮೈಯ ಗೀರುಗಳನ್ನು ಉಜ್ಜಿ ತೆಗೆಯಲೂ ಬರುತ್ತದೆ. ಮೇಲಿನ ಮೈಯ ಮಾತು ಬೇರೆ. ಧ್ವನಿಯ ಪದರ ಇರುವುದು ಹೆಸರು ಬರೆಯುವ ಆ ಬದಿಯ ಅರಗಿನ ತೆಳು ಪೊರೆಯ ಅಡಿಯಲ್ಲೇ. ಅಂಟಿಸಿದ ಕಾಗದದ ಚೀಟಿಯನ್ನು ಕಿತ್ತರೆ ಹಾಡೂ ಅದರೊಂದಿಗೆ ಎದ್ದು ಬರಬಹುದು.