ಇರುಳರ ಅರಿವು ಮತ್ತು ನೆಲದ ಹಕ್ಕು: ಸಾಂಸ್ಕೃತಿಕ ನಾಶವನ್ನು ತಡೆಯುವ ಬಗೆ

ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯ ಕುರುಚಲು ಕಾಡುಗಳಲ್ಲಿ ಇರುಳರೆಂಬ ಬುಡಕಟ್ಟಿನವರು ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಮತ್ತು ಬಳಿಕದ ರಫ್ತು ನಿಷೇಧ ಹಾವುಗಳನ್ನು ಕಾಪಾಡಿದವು. ಹಿಡಿಯುವವರ ಒಲೆ ಆರಿತು.

ಬದುಕಿನ ದಾರಿ ಹೀಗೆ ಕಡಿದುಹೋಗುವುದೂ ಒಂದು ಬಗೆಯ ನಾಶವೇ. ಜನಾಂಗ ಹತ್ಯೆಗೆ 1944ರಲ್ಲಿ ಹೆಸರಿಟ್ಟ ರಾಫೆಲ್ ಲೆಮ್ಕಿನ್, ಜನರನ್ನು ಕೊಲ್ಲುವುದರ ಜೊತೆಗೆ ಅವರ ಬದುಕಿನ ಬುಡ ಕಡಿಯುವುದನ್ನೂ ಆ ಪದದಲ್ಲಿ ಸೇರಿಸಿದ್ದರು. ಆದರೆ 1948ರ ವಿಶ್ವಸಂಸ್ಥೆಯ ಜನಾಂಗ ಹತ್ಯೆ ಒಪ್ಪಂದದ ಕರಡಿನಲ್ಲಿದ್ದ ಸಾಂಸ್ಕೃತಿಕ ಹತ್ಯೆಯ ವಿಧಿ ಚರ್ಚೆಯಲ್ಲೇ ಬಿದ್ದುಹೋಯಿತು. ಭಾರತ 1959ರಲ್ಲಿ ಅನುಮೋದಿಸಿದ್ದು ಆ ವಿಧಿಯಿಲ್ಲದ ಪಠ್ಯವನ್ನು.

ಬದುಕಿನ ಬುಡವೆಂದರೆ ಮೊದಲಿಗೆ ನೆಲ. ಆಸ್ಟ್ರೇಲಿಯಾದಲ್ಲಿ ವಲಸಿಗರು ನೆಲವನ್ನು ಯಾರದ್ದೂ ಅಲ್ಲವೆಂದು ಬಗೆದರು; ಆ ಕಲ್ಪನೆಯನ್ನು ಅಲ್ಲಿನ ಹೈಕೋರ್ಟು ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ. ನಮ್ಮಲ್ಲಿ ಬಿಳಿಯರು ಆ ಪ್ರಮಾಣದಲ್ಲಿ ನೆಲೆಸಲಿಲ್ಲ. ಆದರೂ 1882ರ ಮದ್ರಾಸ್ ಅರಣ್ಯ ಕಾಯ್ದೆ ಕಾಡನ್ನು ಸರ್ಕಾರದ ಸ್ವತ್ತಾಗಿಸಿದಾಗ, ಅಲ್ಲಿದ್ದವರು ತಮ್ಮ ನೆಲದಲ್ಲೇ ಅತಿಕ್ರಮಣಕಾರರಾದರು. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ಆದರೆ ನೆಲದಿಂದ ಜನರನ್ನು ಬೇರ್ಪಡಿಸುವ ಯುಕ್ತಿ ಎರಡೂ ಕಡೆ ಒಂದೇ.

ಒಲೆ ಆರಿದ ಇರುಳರು ಮತ್ತೆ ಬದುಕು ಕಟ್ಟಿಕೊಂಡ ಬಗೆಗೆ, 1978ರಲ್ಲಿ ಹುಟ್ಟಿದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಗಮನಾರ್ಹ. ಸಂಘದವರು ವಡನೆಮ್ಮೇಲಿಯಲ್ಲಿ ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲಗಳನ್ನು ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ಕೆಲವು ವಾರಗಳಲ್ಲಿ ಹಲವು ಸಲ ವಿಷ ತೆಗೆದು, ಮತ್ತೆ ಹಿಡಿದರೆ ಗುರುತು ಸಿಗಲೆಂದು ಹೊಟ್ಟೆಯ ಹುರುಪೆಗೆ ಸಣ್ಣ ಕಚ್ಚು ಹಾಕಿ, ಕಾಡಿಗೆ ಬಿಡುತ್ತಾರೆ. ದೇಶದ ಹಾವು ಕಡಿತದ ಮದ್ದಿನ ಬಹುಪಾಲು ಆ ವಿಷದಿಂದಲೇ ತಯಾರಾಗುತ್ತದೆ. ಬಿಲದ ಬಾಯಿಯ ಮಣ್ಣು ನೋಡಿ ಒಳಗಿರುವುದು ಯಾವುದೆಂದು ಹೇಳುವ ಅರಿವು ಹೀಗೆ ಹೊಟ್ಟೆಪಾಡಾಗಿ ಉಳಿದಿದೆ. 2023ರಲ್ಲಿ ಇಬ್ಬರು ಇರುಳರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಅವರಿಗೆ, ಪದ್ಮಶ್ರೀ ಬಂತು.

ಆದರೂ ಇಷ್ಟು ಸಾಲದೆಂಬುದು ನನ್ನ ದೃಢ ಅಭಿಪ್ರಾಯ. ಎಷ್ಟು ಹಾವು ಹಿಡಿಯಬಹುದೆಂದು ನಿಗದಿ ಮಾಡುವುದು ಅರಣ್ಯ ಇಲಾಖೆ. ಅರಿವು ಇರುಳರದು, ಅನುಮತಿ ಸರ್ಕಾರದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಪಾರಂಪರಿಕ ಜ್ಞಾನವನ್ನು ಸಮುದಾಯದ ಹಕ್ಕೆಂದು ಒಪ್ಪುತ್ತದೆ. 1948ರಲ್ಲಿ ಕೈಬಿಟ್ಟ ಸಂಗತಿಯ ಒಂದು ಪಾಲು ಇಲ್ಲಿ ಮರಳಿದೆ. ನಮ್ಮ ಮಾಗಡಿ, ಕನಕಪುರ ಕಡೆ ಇರುಳಿಗರೆನಿಸಿಕೊಳ್ಳುವವರಿಗೆ ಆ ಕಾಯ್ದೆ ಆಸರೆಯಾಗಬಲ್ಲದು. ಆದರೆ ಚೆಂಗಲ್ಪಟ್ಟಿನಲ್ಲಿ ಎಷ್ಟೋ ಇರುಳ ಕುಟುಂಬಗಳ ಗುಡಿಸಲಿರುವುದು ಕೆರೆ ಏರಿಯ ಪುರಂಬೋಕು ಎಂಬ ಸರ್ಕಾರಿ ನೆಲದಲ್ಲಿ. ಅದು ದಾಖಲೆಯಲ್ಲಿ ಅರಣ್ಯವಲ್ಲ. ಕಾಯ್ದೆಯ ಕೈ ಅಲ್ಲಿಗೆ ಚಾಚುವುದಿಲ್ಲ, ಹಕ್ಕುಪತ್ರವಾದ ಪಟ್ಟಾ ಇಲ್ಲದ ಆ ಗುಡಿಸಲನ್ನು ಯಾವಾಗ ಬೇಕಾದರೂ ಕೀಳಿಸಬಹುದು.