ಬ್ಲೂಟೂತ್ ಸ್ಪೀಕರ್

ಬ್ಲೂಟೂತ್ ಸ್ಪೀಕರ್ ಅಥವಾ ಒಯ್ಯಬಹುದಾದ ನಿಸ್ತಂತು ಧ್ವನಿವರ್ಧಕವು ಮೊಬೈಲ್, ಗಣಕಯಂತ್ರ ಮೊದಲಾದ ಸಾಧನಗಳಿಂದ ತಂತಿಯ ನೆರವಿಲ್ಲದೆ ಧ್ವನಿಸಂಕೇತವನ್ನು ಪಡೆದು, ತನ್ನೊಳಗಿನ ಬ್ಯಾಟರಿಯ ಬಲದಿಂದ ಅದನ್ನು ಶಬ್ದವಾಗಿ ಹೊರಡಿಸುವ ಸಾಧನ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗಾತ್ರದಿಂದ ಗಾಲಿಗಳ ಮೇಲೆ ಎಳೆದೊಯ್ಯುವ ದೊಡ್ಡ ಪೆಟ್ಟಿಗೆಯವರೆಗೆ ಇದರ ಹಲವು ರೂಪಗಳಿವೆ. ಇದರ ಗುಣಮಟ್ಟವನ್ನು ಸಾಮಾನ್ಯವಾಗಿ ವಿನ್ಯಾಸ ಮತ್ತು ಧ್ವನಿ ಎಂಬ ಎರಡು ನೆಲೆಗಳಲ್ಲಿ ಅಳೆಯಲಾಗುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿತವಾಗುವ ವ್ಯಾಟ್, ಗಂಟೆ ಮತ್ತು ಮೀಟರುಗಳ ಅಂಕಿಗಳು ಈ ಗುಣಮಟ್ಟವನ್ನು ಭಾಗಶಃ ಮಾತ್ರ ತಿಳಿಸುತ್ತವೆ.

ಇತಿಹಾಸ

ಇಂದಿನ ಬಹುತೇಕ ಧ್ವನಿವರ್ಧಕಗಳ ಮೂಲ ತತ್ತ್ವವಾದ ಚಲಿಸುವ ಸುರುಳಿಯ ರಚನೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು 1925ರಲ್ಲಿ ವಿವರಿಸಿದರು. ಅಲ್ಪದೂರದ ನಿಸ್ತಂತು ಸಂಪರ್ಕಕ್ಕಾಗಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆ 1994ರಲ್ಲಿ ಆರಂಭಿಸಿದ ಕೆಲಸ ಬ್ಲೂಟೂತ್ ತಂತ್ರಜ್ಞಾನಕ್ಕೆ ದಾರಿಯಾಯಿತು. ಇದರ ಮಾನಕಗಳನ್ನು ರೂಪಿಸುವ ಉದ್ಯಮಗಳ ಒಕ್ಕೂಟ 1998ರಲ್ಲಿ ಸ್ಥಾಪನೆಯಾಯಿತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರನ್ನೇ ಈ ತಂತ್ರಜ್ಞಾನಕ್ಕೆ ಇಡಲಾಗಿದೆ. 2010ರಲ್ಲಿ ಜಾಬೋನ್ ಸಂಸ್ಥೆಯ ಜಾಮ್‌ಬಾಕ್ಸ್ ಮಾರುಕಟ್ಟೆಗೆ ಬಂದ ಬಳಿಕ ಕಿರುಗಾತ್ರದ ನಿಸ್ತಂತು ಸ್ಪೀಕರುಗಳು ಹೆಚ್ಚು ಜನಪ್ರಿಯವಾದವು. ಕಡಿಮೆ ವಿದ್ಯುತ್ ಬಳಸುವ 'ಎಲ್‌ಇ ಆಡಿಯೋ' ಎಂಬ ಹೊಸ ವ್ಯವಸ್ಥೆಯನ್ನು 2020ರಲ್ಲಿ ಪ್ರಕಟಿಸಲಾಯಿತು.

ರಚನೆ ಮತ್ತು ಕಾರ್ಯವಿಧಾನ

ಬ್ಲೂಟೂತ್ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಸ್ಪೀಕರಿನ ಒಳಗಿನ ಗ್ರಾಹಕವು ಸಂಕುಚಿತ ಅಂಕೀಯ ಸಂಕೇತವನ್ನು ಬಿಡಿಸಿ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಆಂಪ್ಲಿಫೈಯರ್ ಅದನ್ನು ಬಲಪಡಿಸುತ್ತದೆ. ಅಯಸ್ಕಾಂತದ ನಡುವೆ ಇರುವ ತಂತಿಸುರುಳಿಯಲ್ಲಿ ಈ ವಿದ್ಯುತ್ ಹರಿದಾಗ ಸುರುಳಿಯೂ ಅದಕ್ಕೆ ಅಂಟಿಕೊಂಡ ಪೊರೆಯೂ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ಕಂಪಿಸುತ್ತವೆ.

ಚಿಕ್ಕ ಸ್ಪೀಕರಿಗೆ ಇರುವ ಮುಖ್ಯ ಮಿತಿ ಭೌತಶಾಸ್ತ್ರದ್ದು. ಅದೇ ಗಟ್ಟಿತನದಲ್ಲಿ ಅರ್ಧದಷ್ಟು ಆವೃತ್ತಿಯ ಸ್ವರವನ್ನು ಹೊರಡಿಸಬೇಕಾದರೆ ಪೊರೆಯು ತಳ್ಳುವ ಗಾಳಿಯ ಪ್ರಮಾಣ ನಾಲ್ಕು ಪಟ್ಟು ಹೆಚ್ಚಬೇಕು. ಆದ್ದರಿಂದ ಡೊಳ್ಳಿನಂತಹ ವಾದ್ಯದ ತಗ್ಗಿನ ನಾದವನ್ನು ಅಂಗೈಯಗಲದ ಪೆಟ್ಟಿಗೆಯಿಂದ ಪೂರ್ಣವಾಗಿ ಪಡೆಯುವುದು ಸಾಧ್ಯವಿಲ್ಲ. ಈ ಕೊರತೆಯನ್ನು ತಗ್ಗಿಸಲು ತಯಾರಕರು ಎರಡು ಉಪಾಯಗಳನ್ನು ಬಳಸುತ್ತಾರೆ. ಒಂದು, ಅಯಸ್ಕಾಂತ ಮತ್ತು ಸುರುಳಿಗಳಿಲ್ಲದ, ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡದಿಂದಲೇ ಕಂಪಿಸುವ ನಿಷ್ಕ್ರಿಯ ಪೊರೆ. ಇನ್ನೊಂದು, ಮೂಲಸ್ವರವಿಲ್ಲದಿದ್ದರೂ ಅದರ ಉಪಸ್ವರಗಳು ಕೇಳಿದಾಗ ಮೂಲಸ್ವರವನ್ನೇ ಗ್ರಹಿಸುವ ಮನುಷ್ಯನ ಶ್ರವಣಗುಣವನ್ನು ಬಳಸಿಕೊಳ್ಳುವ ಅಂಕೀಯ ಸಂಸ್ಕರಣೆ.

ವಿನ್ಯಾಸದ ಮೌಲ್ಯಮಾಪನ

ಹೊರಕವಚ ಮತ್ತು ಗುಂಡಿಗಳು

ಗಟ್ಟಿಯಾದ ಹೊರಕವಚ ಸಾಧನವನ್ನು ಪೆಟ್ಟಿನಿಂದ ಕಾಪಾಡುವುದರ ಜೊತೆಗೆ ಧ್ವನಿಯನ್ನೂ ಸುಧಾರಿಸುತ್ತದೆ. ಕವಚ ತೆಳುವಾಗಿದ್ದರೆ ಕೆಲವು ಸ್ವರಗಳಲ್ಲಿ ಅದೇ ಅನುರಣಿಸಿ ಝೇಂಕಾರ ಬೆರೆಯುತ್ತದೆ. ತಳದಲ್ಲಿ ರಬ್ಬರಿನ ಪಾದವಿಲ್ಲದ ಸ್ಪೀಕರ್ ನುಣುಪಾದ ಕಲ್ಲುಹಾಸಿನ ಮೇಲೆ ತನ್ನ ಕಂಪನದಿಂದಲೇ ಜಾರಬಹುದು. ಗುಂಡಿಗಳನ್ನು ನೋಡದೆ ಬೆರಳಿನಿಂದಲೇ ಗುರುತಿಸುವಂತಿರುವುದು ದೃಷ್ಟಿದೋಷವುಳ್ಳವರಿಗೆ ಮುಖ್ಯವಾದ ಗುಣ.

ದೂಳು ಮತ್ತು ನೀರಿನ ರಕ್ಷಣೆ

ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ 'ಐಪಿ' ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ದೂಳು ಮೊದಲಾದ ಘನವಸ್ತುಗಳಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ67 ಎಂದರೆ ದೂಳು ಒಳಹೋಗದು ಮತ್ತು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದು ಎಂದರ್ಥ. ಐಪಿಎಕ್ಸ್7 ಎಂದಿದ್ದರೆ ನೀರಿನ ರಕ್ಷಣೆ ಅಷ್ಟೇ ಇದ್ದರೂ ದೂಳಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವುದು ಖರೀದಿದಾರರಲ್ಲಿ ಸಾಮಾನ್ಯವಾದ ತಪ್ಪು.

ಬ್ಯಾಟರಿ

ಬ್ಯಾಟರಿಯ ನಿಜವಾದ ಸಾಮರ್ಥ್ಯವನ್ನು ವ್ಯಾಟ್-ಗಂಟೆಯಲ್ಲಿ ಹೋಲಿಸಬೇಕು. 3.7 ವೋಲ್ಟಿನ, 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 7.4 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 5000 ಮಿಲಿಆಂಪಿಯರ್-ಗಂಟೆಯದರಲ್ಲಿ 18.5 ವ್ಯಾಟ್-ಗಂಟೆ. ಪೆಟ್ಟಿಗೆಯ ಮೇಲೆ ಬರೆದ ಗಂಟೆಗಳು ಸಾಮಾನ್ಯವಾಗಿ ಮಧ್ಯಮ ಗಟ್ಟಿತನಕ್ಕೆ ಅನ್ವಯಿಸುತ್ತವೆ. ಪೂರ್ಣ ಗಟ್ಟಿತನದಲ್ಲಿ ಆ ಅವಧಿ ಬಹಳ ಕಡಿಮೆಯಾಗುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಬ್ಯಾಟರಿಯನ್ನು ಬದಲಾಯಿಸಲು ಬರುವಂತಿದ್ದರೆ ಸಾಧನದ ಆಯುಷ್ಯ ಹೆಚ್ಚುತ್ತದೆ. ಕವಚವನ್ನು ಪೂರ್ತಿಯಾಗಿ ಅಂಟಿಸಿದ ಮಾದರಿಗಳಲ್ಲಿ ಇದು ಕಷ್ಟ.

ಧ್ವನಿ ಗುಣಮಟ್ಟದ ಮೌಲ್ಯಮಾಪನ

ಆವೃತ್ತಿ ಪ್ರತಿಕ್ರಿಯೆ

ಯಾವ ಆವೃತ್ತಿಯ ಸ್ವರ ಎಷ್ಟು ಗಟ್ಟಿಯಾಗಿ ಹೊರಡುತ್ತದೆ ಎಂಬುದನ್ನು ಆವೃತ್ತಿ ಪ್ರತಿಕ್ರಿಯೆ ತೋರಿಸುತ್ತದೆ. ಆರೋಗ್ಯವಂತ ಯುವಕರ ಶ್ರವಣವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಸ್. ಸ್ಪೀಕರಿನ ಮೇಲೆ ಈ ಅಂಕಿಗಳನ್ನು ಬರೆದಿದ್ದರೂ ಎಷ್ಟು ಡೆಸಿಬೆಲ್‌ಗಳ ಏರಿಳಿತದೊಳಗೆ ಎಂಬುದನ್ನು ಹೇಳದಿದ್ದರೆ ಅವುಗಳಿಗೆ ಹೆಚ್ಚಿನ ಅರ್ಥವಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಅವರು ನಡೆಸಿದ ಅಧ್ಯಯನಗಳಲ್ಲಿ, ಯಾವ ಸ್ಪೀಕರ್ ಎಂದು ತಿಳಿಯದೆ ಆಲಿಸಿದವರು ಏರಿಳಿತ ಕಡಿಮೆಯಿರುವ, ಸಮವಾದ ಪ್ರತಿಕ್ರಿಯೆಯ ಸ್ಪೀಕರುಗಳನ್ನೇ ಹೆಚ್ಚಾಗಿ ಮೆಚ್ಚಿದರು.

ಗಟ್ಟಿತನ ಮತ್ತು ವಿರೂಪ

ವ್ಯಾಟ್ ಎಂಬುದು ಗಟ್ಟಿತನದ ಅಳತೆಯಲ್ಲ. ಉಳಿದೆಲ್ಲವೂ ಸಮನಾಗಿದ್ದಾಗ 10 ವ್ಯಾಟಿನಿಂದ 20 ವ್ಯಾಟಿಗೆ ಏರಿದರೆ ಶಬ್ದ 3 ಡೆಸಿಬೆಲ್ ಮಾತ್ರ ಹೆಚ್ಚುತ್ತದೆ. ಕಿವಿಗೆ ಎರಡು ಪಟ್ಟು ಗಟ್ಟಿ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಕುಗ್ಗುತ್ತದೆ. ಹೀಗಾಗಿ 1 ಮೀಟರ್ ದೂರದಲ್ಲಿ 84 ಡೆಸಿಬೆಲ್ ಇದ್ದದ್ದು 8 ಮೀಟರ್ ದೂರದಲ್ಲಿ 66 ಡೆಸಿಬೆಲ್ ಆಗುತ್ತದೆ. 'ಪಿಎಂಪಿಒ' ಎಂದು ಮುದ್ರಿಸುವ ನೂರಾರು ವ್ಯಾಟುಗಳ ಅಂಕಿಗೆ ಒಪ್ಪಿತ ಮಾನಕವಿಲ್ಲ. ಹೋಲಿಕೆಗೆ 'ಆರ್‌ಎಂಎಸ್' ವ್ಯಾಟನ್ನು ಬಳಸುವುದು ವಾಡಿಕೆ.

ಸಾಮರ್ಥ್ಯ ಮೀರಿ ಗಟ್ಟಿ ಮಾಡಿದಾಗ ಮೂಲದಲ್ಲಿಲ್ಲದ ಸ್ವರಗಳು ಸೇರಿಕೊಳ್ಳುವುದನ್ನು ವಿರೂಪ ಎನ್ನುತ್ತಾರೆ. ಹಲವು ಸ್ಪೀಕರುಗಳು ಪೊರೆಯನ್ನು ಕಾಪಾಡಲು ಗಟ್ಟಿತನ ಹೆಚ್ಚಿದಂತೆ ತಗ್ಗುಸ್ವರಗಳನ್ನು ತಾವಾಗಿ ಕಡಿಮೆ ಮಾಡುತ್ತವೆ. ಅಂಗಡಿಯಲ್ಲಿ ಮೆಲುವಾಗಿ ಕೇಳಿದಾಗ ತುಂಬುದನಿಯ ಸ್ಪೀಕರ್ ಬಯಲಿನಲ್ಲಿ ಪೂರ್ಣ ಗಟ್ಟಿತನದಲ್ಲಿ ತೆಳುವಾಗಿ ಕೇಳುವುದಕ್ಕೆ ಇದೊಂದು ಕಾರಣ.

ಸ್ಟೀರಿಯೋ ಮತ್ತು ಸಂಕೇತೀಕರಣ

ಒಂದೇ ಕಿರುಪೆಟ್ಟಿಗೆಯಲ್ಲಿ ಎರಡು ಧ್ವನಿಘಟಕಗಳಿದ್ದರೂ ಅವುಗಳ ನಡುವಿನ ಅಂತರ ಕಡಿಮೆಯಾದ್ದರಿಂದ ಎಡ ಬಲಗಳ ಭೇದ ಸ್ಪಷ್ಟವಾಗುವುದಿಲ್ಲ. ಎರಡು ಸ್ಪೀಕರುಗಳನ್ನು ಜೋಡಿಸಿ, ಕೇಳುಗನೊಂದಿಗೆ ಸಮಬಾಹು ತ್ರಿಭುಜವಾಗುವಂತೆ ಇಟ್ಟರೆ ನಿಜವಾದ ಸ್ಟೀರಿಯೋ ಅನುಭವ ದೊರೆಯುತ್ತದೆ.

ಧ್ವನಿಯನ್ನು ಸಂಕುಚಿಸುವ ಎಸ್‌ಬಿಸಿ ವಿಧಾನ ಎಲ್ಲ ಬ್ಲೂಟೂತ್ ಸ್ಪೀಕರುಗಳಲ್ಲಿಯೂ ಇರುತ್ತದೆ. ಎಎಸಿ, ಆಪ್ಟ್‌ಎಕ್ಸ್, ಎಲ್‌ಡಿಎಸಿ ವಿಧಾನಗಳ ಪ್ರಯೋಜನ ಮೊಬೈಲ್ ಮತ್ತು ಸ್ಪೀಕರ್ ಎರಡರಲ್ಲಿಯೂ ಅವು ಇದ್ದಾಗ ಮಾತ್ರ ದೊರೆಯುತ್ತದೆ. ಕಿರುಸ್ಪೀಕರುಗಳಲ್ಲಿ ಈ ವಿಧಾನಗಳ ನಡುವಿನ ವ್ಯತ್ಯಾಸಕ್ಕಿಂತ ಪೊರೆ ಮತ್ತು ಪೆಟ್ಟಿಗೆಯ ಗುಣವೇ ಧ್ವನಿಯನ್ನು ಹೆಚ್ಚು ನಿರ್ಧರಿಸುತ್ತದೆ. ನಿಸ್ತಂತು ರವಾನೆಯಲ್ಲಿ ಉಂಟಾಗುವ ವಿಳಂಬವು ಹಾಡು ಕೇಳುವಾಗ ತಿಳಿಯದಿದ್ದರೂ ಮೈಕ್ ಹಿಡಿದು ಹಾಡುವಾಗ ಅಡ್ಡಿಯಾಗುತ್ತದೆ.

ಆಲಿಸಿ ಪರೀಕ್ಷಿಸುವ ಕ್ರಮ

ಪ್ರಯೋಗಾಲಯಗಳಲ್ಲಿ ಐಇಸಿ 60268-21 ಮೊದಲಾದ ಮಾನಕಗಳಂತೆ ಅಳತೆ ಮಾಡುತ್ತಾರೆ. ಉಪಕರಣಗಳಿಲ್ಲದೆ ಎರಡು ಸ್ಪೀಕರುಗಳನ್ನು ಹೋಲಿಸುವಾಗ ಕೆಳಗಿನ ಕ್ರಮಗಳು ನೆರವಾಗುತ್ತವೆ.

- ಎರಡರ ಗಟ್ಟಿತನವನ್ನು ಸಮನಾಗಿಸಿಕೊಳ್ಳಬೇಕು. ತುಸು ಗಟ್ಟಿಯಾಗಿ ಕೇಳುವುದೇ ಉತ್ತಮವೆಂದು ಕಿವಿಗೆ ತೋರುತ್ತದೆ.
- ಎರಡನ್ನೂ ಒಂದೇ ಸ್ಥಳದಲ್ಲಿ ಇಟ್ಟು ಕೇಳಬೇಕು. ಗೋಡೆಗೆ ತಾಗಿಸಿ ಅಥವಾ ಮೂಲೆಯಲ್ಲಿ ಇಟ್ಟಾಗ ತಗ್ಗುಸ್ವರಗಳು ಹೆಚ್ಚುತ್ತವೆ.
- ಕೇಳುವವರಿಗೆ ಯಾವುದು ಯಾವ ಸ್ಪೀಕರ್ ಎಂಬುದು ತಿಳಿಯದಂತೆ ನೋಡಿಕೊಳ್ಳಬೇಕು. ಹೆಸರು ಮತ್ತು ಬೆಲೆ ಅಭಿಪ್ರಾಯದ ಮೇಲೆ ಪ್ರಭಾವ ಬೀರುತ್ತವೆ.
- ಚಿರಪರಿಚಿತ ಧ್ವನಿಮುದ್ರಿಕೆಗಳನ್ನು ಬಳಸಬೇಕು. ಕನ್ನಡದ ಮಾತಿನಲ್ಲಿ ಸ, ಶ, ಷ ವ್ಯಂಜನಗಳು ಹಾಗೂ ತ–ಥ, ದ–ಧಗಳ ಭೇದ ಸ್ಪಷ್ಟವಾಗಿದ್ದರೆ ಎತ್ತರದ ಆವೃತ್ತಿಗಳು ಚೆನ್ನಾಗಿ ಹೊರಡುತ್ತಿವೆ ಎಂದು ತಿಳಿಯಬಹುದು. ಸಕಾರ ಕಿವಿಗೆ ಚುಚ್ಚುವಂತಿದ್ದರೆ ಅವು ಅತಿಯಾಗಿವೆ ಎಂದರ್ಥ.
- ತಂಬೂರಿಯ ನಾದ, ತಬಲಾದ ಬಾಯಾ, ಏಕತಾರಿಯೊಂದಿಗೆ ಹಾಡಿದ ತತ್ತ್ವಪದ ಇವುಗಳಿಂದ ಉಪಸ್ವರ, ತಗ್ಗುಸ್ವರ ಮತ್ತು ಕಂಠದ ಸಹಜತೆಯನ್ನು ಕ್ರಮವಾಗಿ ಪರೀಕ್ಷಿಸಬಹುದು.
- ಮೆಲು, ಮಧ್ಯಮ ಮತ್ತು ಪೂರ್ಣ ಗಟ್ಟಿತನ ಮೂರರಲ್ಲಿಯೂ ಆಲಿಸಬೇಕು.

ಬಾಗಲಕೋಟೆ ಜಿಲ್ಲೆಯ ಸನ್ನಿವೇಶ

ಸ್ಪೀಕರಿನ ಯೋಗ್ಯತೆ ಅದನ್ನು ಬಳಸುವ ಸ್ಥಳವನ್ನು ಅವಲಂಬಿಸಿದೆ. ಉತ್ತರ ಕರ್ನಾಟಕದ ಬಾಗಲಕೋಟೆ ಜಿಲ್ಲೆಯು 1997ರಲ್ಲಿ ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಇಲ್ಲಿನ ಒಣಹವೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಿಸಿಲಿನಲ್ಲಿ ಅಥವಾ ನಿಲ್ಲಿಸಿದ ವಾಹನದೊಳಗೆ ಇಟ್ಟ ಸ್ಪೀಕರಿನ ಉಷ್ಣತೆ ಇದಕ್ಕಿಂತ ಬಹಳ ಹೆಚ್ಚಾಗಿ, ಬ್ಯಾಟರಿಯ ಸುರಕ್ಷಿತ ಮಿತಿಯನ್ನು ದಾಟಬಲ್ಲದು. ಕಪ್ಪು ಎರೆನೆಲದ ಹೊಲಗಳ ದೂಳು, ಗುಲಾಬಿ ಬಣ್ಣದ ಗ್ರಾನೈಟಿಗೆ ಹೆಸರಾದ ಇಳಕಲ್ ಸುತ್ತಲಿನ ಕಲ್ಲುಗಣಿಗಳ ಪುಡಿ ಇವುಗಳ ನಡುವೆ ಬಳಸುವವರಿಗೆ ನೀರಿನ ರಕ್ಷಣೆಗಿಂತ ದೂಳಿನ ರಕ್ಷಣೆಯ ಅಂಕಿಯೇ ಹೆಚ್ಚು ಪ್ರಸ್ತುತ.

ಸೀರೆಗೆ ಪ್ರಸಿದ್ಧವಾದ ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಲಾಳಿ ಮತ್ತು ಹಲಗೆಯ ಸದ್ದು ನಿರಂತರವಾಗಿರುತ್ತದೆ. ಇಂತಹ ಸದ್ದಿನ ನಡುವೆ ಮಾತು ತಿಳಿಯಬೇಕಾದರೆ ತಗ್ಗುಸ್ವರದ ಅಬ್ಬರಕ್ಕಿಂತ 1000ದಿಂದ 4000 ಹರ್ಟ್ಸ್ ನಡುವಿನ ಸ್ಪಷ್ಟತೆ ಮುಖ್ಯ. ಸದ್ದನ್ನು ಮೀರಿಸಲು ಸ್ಪೀಕರನ್ನು ಗಟ್ಟಿಗೊಳಿಸುವ ಬದಲು ಹತ್ತಿರಕ್ಕೆ ತಂದುಕೊಳ್ಳುವುದು ಕಿವಿಗೂ ಬ್ಯಾಟರಿಗೂ ಹಿತ. ಹುನಗುಂದ ಸೀಮೆಯ ಕೂಡಲಸಂಗಮವು ಕೃಷ್ಣಾ ಮತ್ತು ಮಲಪ್ರಭಾ ನದಿಗಳ ಸಂಗಮಸ್ಥಾನ ಹಾಗೂ ಬಸವಣ್ಣನವರ ಐಕ್ಯಸ್ಥಳ. ವಚನಗಾಯನದಂತಹ ಸಾಹಿತ್ಯಪ್ರಧಾನ ಸಂಗೀತಕ್ಕೂ ಪದಗಳ ಸ್ಪಷ್ಟತೆಯೇ ಮೊದಲ ಅಳತೆ. ಇದಕ್ಕೆ ಭಿನ್ನವಾಗಿ ಈ ಭಾಗದ ಕರಡಿ ಮಜಲಿನಲ್ಲಿ ಕರಡಿ ವಾದ್ಯದ ತಗ್ಗಿನ ಪೆಟ್ಟು ಮತ್ತು ಸನಾದಿಯ ಎತ್ತರದ ದನಿ ಒಟ್ಟಿಗೆ ಬರುವುದರಿಂದ, ಅದರ ಧ್ವನಿಮುದ್ರಿಕೆ ಚಿಕ್ಕ ಸ್ಪೀಕರಿನ ಮಿತಿಗಳನ್ನು ಬೇಗನೆ ತೋರಿಸಿಕೊಡುತ್ತದೆ.

ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಸುತ್ತಲಿನ ಮರಳುಗಲ್ಲಿನ ಬಂಡೆಗಳು ಶಬ್ದವನ್ನು ಪ್ರತಿಫಲಿಸುತ್ತವೆ. ಸುಮಾರು 17 ಮೀಟರ್ ದೂರದ ಬಂಡೆಗೆ ತಾಗಿ ಮರಳುವ ಶಬ್ದವು 0.1 ಸೆಕೆಂಡು ತಡವಾಗಿ ಕೇಳಿ ಪ್ರತಿಧ್ವನಿಯಾಗುತ್ತದೆ. ಇಂತಹ ಕಡೆ ಗಟ್ಟಿತನ ಹೆಚ್ಚಿಸಿದರೆ ಪ್ರತಿಧ್ವನಿಯೂ ಅಷ್ಟೇ ಹೆಚ್ಚುವುದರಿಂದ ಸ್ಪಷ್ಟತೆ ಸುಧಾರಿಸುವುದಿಲ್ಲ. ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯು ವೃತ್ತಿನಾಟಕ ಕಂಪನಿಗಳ ಪ್ರದರ್ಶನಗಳಿಗೆ ಹೆಸರಾಗಿದೆ. ನೂರಾರು ಪ್ರೇಕ್ಷಕರಿಗೆ ಸಂಭಾಷಣೆ ತಲುಪಿಸುವ ಇಂತಹ ಕೆಲಸಕ್ಕೆ, ದೂರದೊಂದಿಗೆ ಶಬ್ದ ಕುಗ್ಗುವ ನಿಯಮದಿಂದಾಗಿ, ಕಿರುಸ್ಪೀಕರ್ ಸಾಲದು. ಪಡಸಾಲೆ ಅಥವಾ ತರಗತಿಯ ಕೋಣೆಯೇ ಅದರ ಸಹಜ ವ್ಯಾಪ್ತಿ.

ಶ್ರವಣ ಸುರಕ್ಷತೆ

ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ ಸರಾಸರಿ 80 ಡೆಸಿಬೆಲ್, ಮಕ್ಕಳು ಅಷ್ಟೇ ಅವಧಿಗೆ 75 ಡೆಸಿಬೆಲ್ ಮೀರದಂತೆ ಆಲಿಸುವುದು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಗಟ್ಟಿತನ 3 ಡೆಸಿಬೆಲ್ ಹೆಚ್ಚಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಕಿವಿಯಲ್ಲಿ ಗುಯ್‌ಗುಡುವಿಕೆ ಉಳಿಯುವುದು ಎಚ್ಚರಿಕೆಯ ಲಕ್ಷಣ.

ಕಾನೂನು ಮತ್ತು ವಿಲೇವಾರಿ

ಭಾರತದ ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಅವಧಿಯನ್ನು ರಾತ್ರಿ ಎಂದು ಪರಿಗಣಿಸಲಾಗಿದೆ. ಖಾಸಗಿ ಸ್ಥಳದಲ್ಲಿ ನುಡಿಸುವ ಧ್ವನಿಸಾಧನದ ಸದ್ದು ಆ ಸ್ಥಳದ ಎಲ್ಲೆಯ ಬಳಿ ಪ್ರದೇಶಕ್ಕೆ ನಿಗದಿಯಾದ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ವ್ಯಾಪ್ತಿಯನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಸಾಧನ ಚಿಕ್ಕದೆಂಬ ಕಾರಣಕ್ಕೆ ಈ ಮಿತಿಗಳಿಂದ ವಿನಾಯಿತಿ ಇಲ್ಲ.

ಕೆಟ್ಟುಹೋದ ಸ್ಪೀಕರನ್ನು ಮನೆಯ ಕಸದೊಂದಿಗೆ ಎಸೆಯಬಾರದು. ಜಜ್ಜಿದ ಅಥವಾ ಉಬ್ಬಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ಸಾಧನಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ.

ಇವನ್ನೂ ನೋಡಿ

- ಧ್ವನಿವರ್ಧಕ
- ಬ್ಲೂಟೂತ್
- ಡೆಸಿಬೆಲ್
- ಶಬ್ದ ಮಾಲಿನ್ಯ
- ಬಾಗಲಕೋಟೆ ಜಿಲ್ಲೆ