ಘಟ್ಟ ಹತ್ತುವ ಕಡಲ ಮೀನು: ಆರೋಗ್ಯಕ್ಕೆ ಭೂತಾಯಿ, ಬಂಗುಡೆಯೇ ಸಾಕು

ಅರಸೀಕೆರೆ, ಬೇಲೂರು, ಹಳೇಬೀಡುಗಳಿಗೆ ಕಡಲು ದೂರ. ಮಂಗಳೂರಿನಿಂದ ಬೇಲೂರಿಗೆ ಸುಮಾರು 150 ಕಿ.ಮೀ., ಅರಸೀಕೆರೆಗೆ 200 ಕಿ.ಮೀ.ಗೂ ಹೆಚ್ಚು. ಆದರೂ ಮಂಗಳೂರು ಧಕ್ಕೆಯ ಮೀನು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಹಾಸನ ಜಿಲ್ಲೆಯ ಅಂಗಡಿಗಳನ್ನು ಸೇರುತ್ತದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಈ ಭಾಗದಲ್ಲಿ ಕರಾವಳಿ ಮೂಲದ ಕ್ರೈಸ್ತ ಕುಟುಂಬಗಳೂ ಇವೆ. ಬೆಲೆ ಹೆಚ್ಚಿದ್ದರೆ ಸತ್ವವೂ ಹೆಚ್ಚು ಎಂಬ ನಂಬಿಕೆ ಅನೇಕರಲ್ಲಿದೆ. ಇದು ನಿಜವಲ್ಲ.

ಮೀನಿನಲ್ಲಿ ಏನಿದೆ?

ಅಂಜಲ್ ಆಗಲಿ, ಪಾಂಪ್ಲೆಟ್ ಆಗಲಿ, ಭೂತಾಯಿ ಆಗಲಿ, 100 ಗ್ರಾಂ ಮೀನಿನಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಹೃದಯಕ್ಕೂ ಮಕ್ಕಳ ಮಿದುಳಿನ ಬೆಳವಣಿಗೆಗೂ ಬೇಕಾದ ಒಮೇಗಾ-3 ಕೊಬ್ಬಿನಂಶ ಎಣ್ಣೆಯುಳ್ಳ ಭೂತಾಯಿ, ಬಂಗುಡೆಗಳಲ್ಲಿ ಸಮೃದ್ಧವಾಗಿದೆ. ಮಳೆಗಾಲ ಕಳೆದ ಮೇಲೆ ಸಿಗುವ ಭೂತಾಯಿಯಲ್ಲಿ ಈ ಎಣ್ಣೆ ಇನ್ನೂ ಹೆಚ್ಚು. ಜೊತೆಗೆ 'ಡಿ' ಮತ್ತು ಬಿ-12 ಜೀವಸತ್ವಗಳು, ಅಯೋಡಿನ್, ಸೆಲೆನಿಯಂ ದೊರೆಯುತ್ತವೆ. ಸಣ್ಣ ಮೀನನ್ನು ಚೆನ್ನಾಗಿ ಬೇಯಿಸಿ ಮೆತ್ತಗಿನ ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ ಲಾಭ.

ರಾಗಿ ಮುದ್ದೆಯ ಜೊತೆಗೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ರಾಗಿ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಜೊತೆಗೆ ಮೀನು ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ಬಯಲುಸೀಮೆಯ ಮುದ್ದೆಗೆ ಕರಾವಳಿಯ ಮೀನು ಸಾರು ಒಳ್ಳೆಯ ಜೋಡಿ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಈ ಲಾಭ ತಗ್ಗುತ್ತದೆ. ವಾರಕ್ಕೆ ಎರಡು ಬಾರಿ ಮೀನು ತಿಂದರೆ ಸಾಕು.

ಕೊಳ್ಳುವಾಗ ಗಮನಿಸಿ

* ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು.
* ಮೀನು ಮಂಜುಗಡ್ಡೆಯಲ್ಲಿ ಮುಳುಗಿರಬೇಕು. ತಂಪು ತಪ್ಪಿದ ಬಂಗುಡೆ, ಭೂತಾಯಿಯಲ್ಲಿ ಹಿಸ್ಟಮಿನ್ ಬೆಳೆಯುತ್ತದೆ; ಬೇಯಿಸಿದರೂ ಅದು ನಾಶವಾಗದು. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಉಂಟಾಗಬಹುದು.
* ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಕೆರೆ, ಜಲಾಶಯಗಳ ಕಟ್ಲಾ, ರೋಹು ಕೊಳ್ಳಬಹುದು. ಅವುಗಳಲ್ಲಿ ಪ್ರೋಟೀನ್ ಕಡಿಮೆಯಿಲ್ಲ, ಅಯೋಡಿನ್ ಮತ್ತು ಒಮೇಗಾ-3 ಮಾತ್ರ ಕಡಿಮೆ.
* ಒಣಮೀನಿನಲ್ಲಿ ಪ್ರೋಟೀನ್ ಹೇರಳ, ಉಪ್ಪೂ ಹೇರಳ. ರಕ್ತದೊತ್ತಡ ಇರುವವರು ಮಿತವಾಗಿ ತಿನ್ನಬೇಕು.
* ಗರ್ಭಿಣಿಯರು ಪಾದರಸದ ಅಂಶ ಹೆಚ್ಚಿರುವ ತಾಟೆಯಂತಹ (ಶಾರ್ಕ್) ಮೀನುಗಳನ್ನು ಬಿಡುವುದು ಒಳಿತು. ಸಣ್ಣ ಮೀನಿನಲ್ಲಿ ಆ ಭಯ ಕಡಿಮೆ.

ಶುಕ್ರವಾರದ ಊಟ

ವಿಭೂತಿ ಬುಧವಾರ ಹಾಗೂ ಶುಕ್ರವಾರಗಳ ಮಾಂಸವರ್ಜನೆಯ ನಿಯಮ 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಮೀನಿಗೆ ನಿಷೇಧವಿಲ್ಲ. ಆದರೆ ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯಾದ ಅಂಜಲ್ ತಂದರೆ ತ್ಯಾಗ ಎಲ್ಲಿ ಉಳಿಯಿತು? ಪುನರುತ್ಥಾನಗೊಂಡ ಪ್ರಭು ಸರೋವರದ ದಡದಲ್ಲಿ ಶಿಷ್ಯರಿಗೆ ಕೆಂಡದ ಮೇಲೆ ಮೀನು ಸಿದ್ಧಪಡಿಸಿ ಬಡಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯ ತಿಳಿಸುತ್ತದೆ. ದುಡಿದು ದಣಿದವರ ಹಸಿವು ತಣಿಸಿದ ಸರಳ ಊಟವದು.

ಭೂತಾಯಿ ಕೊಂಡು ಉಳಿಸಿದ ಹಣದಲ್ಲಿ ನೆರೆಯ ಬಡ ಮನೆಗೂ ಒಂದು ಹೊತ್ತಿನ ಮೀನು ಕೊಡಿಸಬಹುದು. ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳೂ ಆರೋಗ್ಯ ಸೇವೆಯಲ್ಲಿರುವ ಧರ್ಮಭಗಿನಿಯರೂ ತಾಯಂದಿರಿಗೆ ಈ ವಿಷಯ ತಿಳಿಸಿಕೊಡಲಿ.